ವಸ್ತಾದರ ಮನೆಯ ಒಂಬತ್ತು ಅತಿಥಿಗಳು

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 7 ಗಂಟೆ 20 ನಿಮಿಷ. ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಪತ್ರಿಕೆಗೆಂದು ಇದನ್ನು ಬರೆಯಲು ಶುರು ಮಾಡಿದ್ದೇನೆ. ಹೋದ ವರ್ಷ ಭಾನುವಾರಗಳಂದು ಇದೇ ಹೊತ್ತಿಗೆ, ಹುಮನಾಬಾದಿನ ಒಂದು ಗಲ್ಲಿಯ ತಗಡಿನ ಬಾಗಿಲಿನ ಮನೆಯಲ್ಲಿ, ಎಪ್ಪತ್ತೊಂದು ವರ್ಷದ ರೇವಣಪ್ಪ ವಸ್ತಾದರು ಟಿ.ವಿ. ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಬಲಗೈ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತುತ್ತಿದ್ದರು.

ಆ ಹೆಬ್ಬೆರಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಯಾವುದೋ ಕುಸ್ತಿಯಲ್ಲಿ ಮುರಿದು, ಓರೆಯಾಗಿಯೇ ಕೂಡಿಕೊಂಡು, ಹೊರಗೆ ಬಾಗಿ ನಿಂತಿತ್ತು. ಬೇರೆ ಬೆರಳುಗಳಿಗೂ ಅದಕ್ಕೂ ಜಗಳವಾದ ಹಾಗೆ ಕಾಣುತ್ತಿತ್ತು. ಗುಂಡಿ ಒತ್ತುವಾಗ ಅವರು ಬೆರಳನ್ನಲ್ಲ, ಇಡೀ ಮೊಣಕೈಯನ್ನೇ ತಿರುಗಿಸಬೇಕಾಗುತ್ತಿತ್ತು. ಆದರೂ ಒಂದು ದಿನವೂ ಒತ್ತುವುದನ್ನು ತಪ್ಪಿಸಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಗುಂಡಿಯ ಲೆಕ್ಕ ಇಡುವುದೇ ನನ್ನ ಕೆಲಸವಾಗಿತ್ತು.

ಯಾವ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡುತ್ತಾರೆ ಎಂದು ಅಳೆಯುವ ಕಂಪನಿಯೊಂದರಲ್ಲಿ ನಾನಿದ್ದೆ. ಊರಿನ ಎಲ್ಲ ಮನೆಗಳನ್ನೂ ಎಣಿಸಲಾಗುವುದಿಲ್ಲ. ಅದಕ್ಕಾಗಿ ಅಲ್ಲೊಂದು ಇಲ್ಲೊಂದು ಮನೆ ಆರಿಸಿ ಟಿ.ವಿ. ಪಕ್ಕ ಪುಟ್ಟ ಡಬ್ಬಿಯೊಂದನ್ನು ಕೂರಿಸುತ್ತಾರೆ. ಜೊತೆಗೊಂದು ರಿಮೋಟ್ ಕೊಡುತ್ತಾರೆ. ಮನೆಯ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಗುಂಡಿ. ನೋಡಲು ಕುಳಿತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಬಂದ ಅತಿಥಿಗಳು ಟಿ.ವಿ. ನೋಡಿದರೆ ಅವರ ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನೂ ಒತ್ತಬೇಕು. ಮನೆಯಲ್ಲಿ ಇಂಥ ಡಬ್ಬಿ ಇದೆಯೆಂದು ಮಾತ್ರ ಹೊರಗೆ ಯಾರಿಗೂ ಹೇಳಬಾರದು. ಬಸವಕಲ್ಯಾಣ, ಹುಮನಾಬಾದ್ ಸೇರಿ ನನ್ನ ಪಾಲಿಗೆ ಇಪ್ಪತ್ತಾರು ಮನೆಗಳಿದ್ದವು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಡಬ್ಬಿ ಸರಿ ಇದೆಯೇ, ಗುಂಡಿ ಒತ್ತುತ್ತಿದ್ದಾರೆಯೇ ಎಂದು ನೋಡಿ ಬರಬೇಕಿತ್ತು. ಆ ಕೆಲಸದ ಮೇಲೆ ವಸ್ತಾದರ ಮನೆಗೆ ಮೂವತ್ತೊಂದು ಸಲ ಹೋಗಿದ್ದೇನೆ. ಮೂವತ್ತು ಸಲ ಚಹಾ ಕುಡಿದಿದ್ದೇನೆ. ಕುಡಿಯದ ಒಂದು ಸಲದ ಬಗ್ಗೆ ಮುಂದೆ ಬರೆಯಬೇಕು.

ಕುಸ್ತಿ ಕಲಿಸುವವರನ್ನು ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ರೇವಣಪ್ಪನವರು ಮೂವತ್ತು ವರ್ಷ ಹುಮನಾಬಾದಿನ ತಾಲೀಮೊಂದರಲ್ಲಿ, ಎಂದರೆ ಗರಡಿಯಲ್ಲಿ, ಹುಡುಗರಿಗೆ ಕುಸ್ತಿ ಕಲಿಸಿದವರು. 2023ರ ಜೂನ್ 14ರಂದು ನಾನು ಮೊದಲ ಸಲ ಅವರ ಬಾಗಿಲು ತಟ್ಟಿದಾಗ ಅವರು ಒಪ್ಪಲಿಲ್ಲ. ತಾವು ಟಿ.ವಿ.ಯಲ್ಲಿ ನೋಡುವುದು ಬೇರೆ ಯಾರೂ ನೋಡದ ಸಾಮಾನು, ತಮ್ಮನ್ನು ಎಣಿಸಿ ಏನು ಬರುತ್ತದೆ ಎಂದರು. ಅವರು ನೋಡುತ್ತಿದ್ದದ್ದು ಎಂ.ಎಂ.ಎ. ಎಂಬ ಕಾದಾಟ. ಕುಸ್ತಿ, ಗುದ್ದು, ಒದೆ ಎಲ್ಲ ಬೆರೆತ ಆಟ. ಎಂಟು ಮೂಲೆಯ ಜಾಲರಿಯೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವುದು ನಮಗೆ ಭಾನುವಾರ ಬೆಳಿಗ್ಗೆ ಬರುತ್ತದೆ.

ಅಂದು ನಾನು ತರಬೇತಿಯಲ್ಲಿ ಕಲಿತ ಮಾತು ಹೇಳಿದೆ. ಈ ಡಬ್ಬಿ ಇರುವ ಒಂದು ಮನೆ ಸಾವಿರಾರು ಮನೆಗಳ ಬದಲಿಗೆ ಮಾತಾಡುತ್ತದೆ. ನೀವು ನೋಡಿದ್ದು ಉಳಿಯುತ್ತದೆ, ನೋಡದೆ ಇದ್ದದ್ದು ಹೋಗುತ್ತದೆ. ಈ ಮಾತನ್ನು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದೆ. ಯಾರೂ ಅದನ್ನು ಪೂರ್ತಿ ನಂಬುತ್ತಿರಲಿಲ್ಲ, ನಂಬಬೇಕೆಂದು ನಾನೂ ಬಯಸುತ್ತಿರಲಿಲ್ಲ. ವಸ್ತಾದರು ನಂಬಿದರು. “ಹಂಗಾದ್ರ ಇದು ಪಂಚರ ಕೆಲಸ ಆತಲ್ಲ ತಂಗಿ. ನಾ ಕಣ್ಣು ಮಿಟುಕಿಸಿದ್ರ ಸಾವಿರ ಮಂದಿ ಕಣ್ಣು ಮಿಟುಕಿಸಿದಂಗ,” ಎಂದರು. ಕುಸ್ತಿಯಲ್ಲಿ ಸೋಲು ಗೆಲುವು ಹೇಳುವವರಿಗೆ ಪಂಚರು ಎನ್ನುತ್ತಾರೆ.

ಆಮೇಲೆ ಅವರು ಆ ಗುಂಡಿಗೆ ತೋರಿಸಿದ ನಿಷ್ಠೆ ಕಂಡು ಮೊದಮೊದಲು ನನಗೆ ನಗು ಬರುತ್ತಿತ್ತು. ಬಚ್ಚಲಿಗೆ ಹೋಗಲು ಎದ್ದರೂ ಒತ್ತುತ್ತಿದ್ದರು, ಬಂದು ಕುಳಿತಾಗ ಮತ್ತೆ ಒತ್ತುತ್ತಿದ್ದರು. ಅವರ ಹೆಂಡತಿ ಕಲಾವತಮ್ಮ ನನಗೆ ಚಹಾ ಕೊಡುತ್ತಾ ದೂರು ಹೇಳುತ್ತಿದ್ದರು: “ಲಗ್ನಾಗಿ ನಲವತ್ತಾರು ವರ್ಷ ಆತು ಯವ್ವಾ. ಎಲ್ಲಿ ಹೊಂಟೀನಿ ಅಂತ ನನಗ ಒಮ್ಮೆ ಹೇಳಿ ಹೋದಾಂವ ಅಲ್ಲ. ಈಗ ಉಚ್ಚಿಗಿ ಹೋಗಾಕೂ ಈ ಡಬ್ಬಿ ಪರವಾನಗಿ ತಗೋತಾನ.” ಗಂಡ ಕುಳಿತಲ್ಲೇ ತೂಕಡಿಸಿದರೆ ಅವರೇ ರಿಮೋಟ್ ತೆಗೆದು ಗಂಡನ ಗುಂಡಿ ಆರಿಸುತ್ತಿದ್ದರು. ಕಣ್ಣು ಮುಚ್ಚಿದವನು ನೋಡಿದ ಹಾಗಲ್ಲ ಎಂಬುದು ಆ ಮನೆಯ ಕಾನೂನು. ನನ್ನ ಇಪ್ಪತ್ತಾರು ಮನೆಗಳಲ್ಲಿ ಇನ್ನೊಂದು ಮನೆಯಲ್ಲೂ ಈ ಕಾನೂನಿರಲಿಲ್ಲ. ಒಂದು ಮನೆಯಲ್ಲಂತೂ ಮೂರು ತಿಂಗಳು ಸತ್ತ ಅಜ್ಜನ ಗುಂಡಿ ಧಾರಾವಾಹಿ ನೋಡುತ್ತಲೇ ಇತ್ತು.

ಕಾದಾಟ ನೋಡುವಾಗ ವಸ್ತಾದರು ದನಿ ಆರಿಸಿಬಿಡುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ವಿವರಣೆಯನ್ನೆಲ್ಲ ತಾವೇ ಕೊಡುತ್ತಿದ್ದರು. ಕಾದಾಳುಗಳಿಗೆ ತಮ್ಮದೇ ಹೆಸರು ಇಟ್ಟಿದ್ದರು. ಗಡ್ಡದ ಒಬ್ಬ ಬಲಿಷ್ಠನಿಗೆ ‘ಮುಡಬಿ ಮಾವ’ ಎನ್ನುತ್ತಿದ್ದರು. ಕಲಾವತಮ್ಮನ ಅಣ್ಣ ಮುಡಬಿ ಊರಿನವರು, ಅವರು ನಡೆಯುವುದೂ ಆ ಕಾದಾಳುವಿನ ಹಾಗೆಯೇ ಅಂತೆ. ಬುಧವಾರ ಶುಕ್ರವಾರಗಳಲ್ಲಿ ಹಳೆಯ ಪಂದ್ಯಗಳ ಮರುಪ್ರಸಾರ ಇರುತ್ತಿತ್ತು. ಅದನ್ನು ನಾನೂ ಚಹಾ ಮುಗಿಯುವವರೆಗೆ ನೋಡುತ್ತಿದ್ದೆ. ಕಾಲಿಗೆ ಕೈ ಹಾಕಿ ಎತ್ತಿ ಕೆಡವಿದರೆ ವಸ್ತಾದರು ತೊಡೆ ತಟ್ಟಿ ಸಂತೋಷಪಡುತ್ತಿದ್ದರು. ಕೆಳಗೆ ಬಿದ್ದವನ ಮುಖಕ್ಕೆ ಗುದ್ದಲು ಶುರು ಮಾಡಿದರೆ ಮುಖ ಆಚೆ ತಿರುಗಿಸುತ್ತಿದ್ದರು. “ಬಿದ್ದಾಂವಗ ಹೊಡಿಯೂದು ನಮ್ಮ ಮಣ್ಣಿನ ರಿವಾಜ ಅಲ್ಲ,” ಎನ್ನುತ್ತಿದ್ದರು. ಹಾಗಾದರೆ ಯಾಕೆ ನೋಡುತ್ತೀರಿ ಎಂದು ಒಮ್ಮೆ ಕೇಳಿದೆ.

“ಅದ್ರಾಗ ಒಂದು ಛಲೋ ಅದ ತಂಗಿ. ಸಾಕು ಅನ್ನಿಸಿದ್ರ ಕೈಲೆ ಮೂರ ಸಲ ತಟ್ಟಬೇಕು, ಅಷ್ಟ. ಅಂವ ಎಷ್ಟ ಸಿಟ್ಟಿನ್ಯಾಗಿರ್ಲಿ, ಬಿಡಬೇಕು. ಸೋತೆ ಅನ್ನಾಕ ಮಾನದಿಂದ ಒಂದು ದಾರಿ ಇಟ್ಟಾರ. ನಮ್ಮಲ್ಲಿ ಅದ ಇರಲಿಲ್ಲ. ನನ್ನ ಬಟ್ಟು ನೋಡು,” ಎಂದು ಓರೆ ಹೆಬ್ಬೆರಳು ತೋರಿಸಿದರು.

ತಮ್ಮ ಹಾಗೆ ನೋಡುವವರು ಊರಲ್ಲಿ ಎಷ್ಟು ಜನರಿದ್ದಾರೆಂದು ಅವರಿಗೆ ಸದಾ ಕುತೂಹಲ. ಹುಮನಾಬಾದಿನ ಹುಡುಗರು ಮೊಬೈಲಿನಲ್ಲಿ ತುಣುಕುಗಳನ್ನು ನೋಡಿ, ಬಸ್ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಒದೆಯುವ ಆಟ ಆಡುತ್ತಿದ್ದರು. ಅದು ಎಣಿಕೆಗೆ ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಟಿ.ವಿ. ಮಾತ್ರ ಎಂದೆ. ಹಾಗಾದರೆ ಈ ಊರಿನ ಲೆಕ್ಕವೆಲ್ಲ ತಮ್ಮ ತಲೆಯ ಮೇಲೇ ಬಂತೆಂದು ಅವರು ಗಂಭೀರವಾಗಿ ಹೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಕೊಹಿನೂರು ಎಂಬ ಊರಿನಲ್ಲಿ ನಡೆದ ಕುಸ್ತಿಯ ಕಥೆಯನ್ನು ನನಗೆ ಹೇಳಿದ್ದು ಅವರಲ್ಲ, ಕಲಾವತಮ್ಮ. ಆಗ ವಸ್ತಾದರಿಗೆ ಇಪ್ಪತ್ತಾರು ವರ್ಷ. ಕೊನೆಯ ಜೋಡಿ. ಸೂರ್ಯ ಮುಳುಗುವ ಹೊತ್ತು, ಜನರ ಗದ್ದಲ. ಇಬ್ಬರೂ ಉರುಳಿದ್ದರಲ್ಲಿ ಯಾರ ಬೆನ್ನು ಮೊದಲು ನೆಲಕ್ಕೆ ತಾಗಿತೆಂದು ಪಂಚರಿಗೆ ಕಾಣಲಿಲ್ಲ. ರೇವಣಪ್ಪ ಗೆದ್ದನೆಂದು ಕೈಗೆ ಬೆಳ್ಳಿ ಕಡಗ ಹಾಕಿ, ಹೆಗಲ ಮೇಲೆ ಹೊತ್ತರು. ಹೆಗಲ ಮೇಲಿಂದಲೇ ರೇವಣಪ್ಪ ಕೆಳಗೆ ಜಿಗಿದು ಪಂಚರಿಗೆ ಬೆನ್ನು ತಿರುಗಿಸಿ ನಿಂತ. ಬೆನ್ನಿನ ಎರಡೂ ರೆಕ್ಕೆಗೆ ಮಣ್ಣು ಹತ್ತಿತ್ತು, ಎಂದರೆ ಸೋತವನು ಅವನೇ. ಕಡಗ ತೆಗೆದು ಎದುರಾಳಿಯ ಕೈಗೆ ಹಾಕಿ ಬಂದ. ಗೆಲ್ಲಿಸಿ ಹೊತ್ತ ಮಂದಿಗೆ ಅವಮಾನವಾಯಿತು. ಬಹಳ ವರ್ಷ ಅವರನ್ನು ‘ಬೆನ್ನು ತೋರಿಸಿದ ರೇವಣ’ ಎಂದೇ ಹಂಗಿಸಿದರಂತೆ. ಈ ಕಥೆ ಕೇಳಿದ್ದು 2024ರ ಮಾರ್ಚ್ 6ರಂದು, ಇಪ್ಪತ್ತನೆಯ ಭೇಟಿಯಲ್ಲಿ. ಡೈರಿಯಲ್ಲಿ ಒಂದೂವರೆ ಪುಟ ಬರೆದಿದ್ದೇನೆ. ಅಂದರೆ ಮುಂದೆ ನಾನು ಮಾಡಿದ್ದನ್ನು ಈ ಮನುಷ್ಯ ಎಂಥವರೆಂದು ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಆ ಜೂನ್‌ನಲ್ಲಿ ಅವರ ಹಿತ್ತಲಲ್ಲಿ ಕೆಂಪು ಮಣ್ಣಿನ ಚೀಲಗಳನ್ನು ಕಂಡೆ. ಪಕ್ಕದಲ್ಲಿ ಅರಿಸಿನ, ನಿಂಬೆಹಣ್ಣು, ಎಣ್ಣೆಯ ಡಬ್ಬ. ಕುಂಡಗಳಿಗೆ ಇರಬೇಕೆಂದುಕೊಂಡೆ. ಜುಲೈ 24ರಂದು, ಮೂವತ್ತನೆಯ ಭೇಟಿಯಲ್ಲಿ, ವಸ್ತಾದರು ಬಹಳ ಉತ್ಸಾಹದಲ್ಲಿದ್ದರು. “ತಂಗಿ, ಒಂದು ಐತವಾರ ಮುಂಜಾನೆ ಬಾ. ನಿನಗ ಒಂದು ತೋರಿಸೂದದ,” ಎಂದರು. ಅಂದಿನ ಡೈರಿಯಲ್ಲಿ ಹೀಗಿದೆ: ‘ಭಾನುವಾರ ಬಾ ಎಂದರು. ರಜಾ ದಿನ. ಆಗದು.’

ಆಗಸ್ಟ್ 1ರಂದು ಕಚೇರಿಯಿಂದ ಫೋನ್ ಬಂತು. ಹುಮನಾಬಾದಿನ ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅತಿಥಿಗಳು ಏರುತ್ತಿದ್ದಾರೆ, ಏನೆಂದು ನೋಡು ಎಂದರು. ಅಂಕಿಗಳನ್ನೂ ಅತಿಥಿಗಳ ವಯಸ್ಸನ್ನೂ ಬರೆದುಕೊಂಡೆ. ಜುಲೈ 7ಕ್ಕೆ ಇಬ್ಬರು. 14ಕ್ಕೆ ನಾಲ್ವರು. 21ಕ್ಕೆ ಏಳು. 28ಕ್ಕೆ ಒಂಬತ್ತು. ಒಂಬತ್ತರಲ್ಲಿ ಎಂಟು ಹೆಣ್ಣು. ನೋಡಿದ್ದೇನು? ಎಂ.ಎಂ.ಎ.

ನನ್ನ ತಲೆಗೆ ಮೊದಲು ಬಂದದ್ದು: ಈ ರಕ್ತದಾಟವನ್ನು ಹುಮನಾಬಾದಿನಲ್ಲಿ ಯಾವ ಎಂಟು ಹೆಂಗಸರು ನೋಡುತ್ತಾರೆ? ನಾನೇ ಹೆಣ್ಣು, ನಾನೇ ಹಾಗೆ ಯೋಚಿಸಿದೆ. ಎರಡನೆಯದು: ಲೆಕ್ಕವೆಲ್ಲ ತಮ್ಮ ತಲೆಯ ಮೇಲೇ ಬಂತೆಂದು ಅವರು ಹೇಳಿದ ಮಾತು. ಮುದುಕರು ತಮ್ಮ ಮೆಚ್ಚಿನ ಆಟವನ್ನು ಉಳಿಸಿಕೊಳ್ಳಲು ಇಲ್ಲದವರನ್ನು ಒತ್ತುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಆ ತೀರ್ಮಾನಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ನಿಯಮದ ಪ್ರಕಾರ ಆಗಸ್ಟ್ 4ರ ಭಾನುವಾರ ಬೆಳಿಗ್ಗೆ ಕಾದಾಟ ನಡೆಯುವ ಹೊತ್ತಿಗೇ ಹೋಗಿ ಕಣ್ಣಾರೆ ನೋಡಬೇಕಿತ್ತು. ಅದಕ್ಕೆ ಬಸವಕಲ್ಯಾಣದಿಂದ ಮೊದಲ ಬಸ್ ಹಿಡಿಯಬೇಕು. ನಾನು ಶನಿವಾರವೇ ಫೋನ್ ಮಾಡಿದೆ. ಎತ್ತಿದ್ದು ಕಲಾವತಮ್ಮ. ನಿಮ್ಮ ಮನೆಗೆ ಭಾನುವಾರ ತುಂಬ ಜನ ಬರುತ್ತಾರೇನು ಎಂದು ಕೇಳಿದೆ. ಅವರು, “ಯಾರೂ ಬರಂಗಿಲ್ಲ ಯವ್ವಾ. ನಾವಿಬ್ಬರ ಇರತೀವಿ,” ಎಂದರು.

ಆ ಭಾನುವಾರದ ಡೈರಿ: ‘7.40ಕ್ಕೆ ಎದ್ದೆ. ತಲೆಗೆ ಎಣ್ಣೆ. ಮಧ್ಯಾಹ್ನ ಹುಗ್ಗಿ. ಹುಮನಾಬಾದಿಗೆ ಹೋಗಲಿಲ್ಲ.’ ಸೋಮವಾರ ಕಳಿಸಿದ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಖುದ್ದಾಗಿ ಹೋಗಿ ಪರಿಶೀಲಿಸಲಾಯಿತೇ? ಹೌದು ಎಂದು ಬರೆದೆ. ಅತಿಥಿಗಳು ಇದ್ದರೇ? ಇಲ್ಲ ಎಂದು ಬರೆದೆ.

ಶುಕ್ರವಾರ, ಆಗಸ್ಟ್ 9ರಂದು ಡಬ್ಬಿ ತೆಗೆಯಲು ಕಂಪನಿಯ ಮೆಕ್ಯಾನಿಕ್ ಜೊತೆ ಹೋದೆ. ಟಿ.ವಿ. ಪಕ್ಕ ಆ ಡಬ್ಬಿಗೆ ಹೆಣಿಕೆಯ ಬಿಳಿ ಮುಸುಕು ಹೊದಿಸಿದ್ದರು. ಅದು ನನಗೆ ಹೊಸದಾಗಿ ಕಂಡಿತು, ಆದರೆ ಯಾಕೆಂದು ಕೇಳಲಿಲ್ಲ. ಮನೆಗಳನ್ನು ಬದಲಾಯಿಸುತ್ತಿದ್ದಾರೆ ಎಂದು ಹೇಳಲು ನಾನು ಮಾತು ಸಿದ್ಧ ಮಾಡಿಕೊಂಡಿದ್ದೆ. ಮೆಕ್ಯಾನಿಕ್ ನನಗಿಂತ ಮೊದಲೇ ಬಾಯಿ ಬಿಟ್ಟ: “ಇಲ್ಲದ ಮಂದೀನ ಒತ್ತಿದ್ರ ಡಬ್ಬಿ ಇಡಂಗಿಲ್ಲ ಕಾಕಾ.”

ವಸ್ತಾದರು ನನ್ನ ಕಡೆ ನೋಡಿದರು. ನಾನು ಕಾಗದ ಮಡಚುತ್ತಿದ್ದೆ. ಕಲಾವತಮ್ಮ ಏನೋ ಹೇಳಲು ಬಾಯಿ ತೆರೆದರು, ಅವರು ಕೈಯೆತ್ತಿ ತಡೆದರು. ವಾದ ಮಾಡಲಿಲ್ಲ, ಯಾರು ಬಂದಿದ್ದರೆಂದು ಹೆಸರು ಹೇಳಲಿಲ್ಲ. ಒಂದೇ ಮಾತು ಆಡಿದರು.

“ನನ್ನ ಬೆನ್ನಿಗಿ ಮಣ್ಣ ಹತ್ತಿದ್ರ ನಾನ ಹೇಳತಿದ್ದೆ ತಂಗಿ.”

ಮೆಕ್ಯಾನಿಕ್ ತಂತಿ ಕೀಳಲು ಬಗ್ಗಿದಾಗ, ಸ್ವಲ್ಪ ತಡಿ ಎಂದು ರಿಮೋಟ್ ತೆಗೆದುಕೊಂಡರು. ಆಗ ಟಿ.ವಿ.ಯಲ್ಲಿ ಸುದ್ದಿ ನಡೆದಿತ್ತು. ಮೊಣಕೈ ತಿರುಗಿಸಿ ತಮ್ಮ ಗುಂಡಿ ಒತ್ತಿ ಆರಿಸಿದರು. ಆಮೇಲೆ ಹೆಂಡತಿಯದನ್ನೂ ಒತ್ತಿದರು. ಇನ್ನು ತೆಗಿ ಎಂದರು. ಒಳಗೆ ಹೋಗಿ, ಸೇರಿದಾಗ ಕಂಪನಿ ಕೊಟ್ಟಿದ್ದ ಗೋಡೆ ಗಡಿಯಾರವನ್ನು ತಂದು ನನ್ನ ಮುಂದೆ ಹಿಡಿದರು. ಅದು ಕೊಟ್ಟದ್ದು, ವಾಪಸು ಬೇಡ ಎಂದೆ. ಅವರು ಕೈ ಚಾಚಿಕೊಂಡೇ ನಿಂತರು. ಅಂದು ಚಹಾ ಬರಲಿಲ್ಲ. ಗಡಿಯಾರ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಬಸವಕಲ್ಯಾಣದವರೆಗೂ ಸದ್ದು ಮಾಡುತ್ತಾ ಬಂತು.

ಆಮೇಲೆ ಐದು ತಿಂಗಳು ಆ ಗಲ್ಲಿಗೆ ಹೋಗಲಿಲ್ಲ. ನನ್ನ ಪಟ್ಟಿಯಲ್ಲಿ ಮನೆಗಳು ಇಪ್ಪತ್ತೈದಾದವು.

ಈ ಜನವರಿ 8ರಂದು ಹುಮನಾಬಾದಿನಿಂದ ಸಂಜೆಯ ಬಸ್ಸಿನಲ್ಲಿ ಮರಳುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ಬಂದು ಕುಳಿತಳು. ಇಪ್ಪತ್ತು ವರ್ಷ ಇರಬಹುದು. ಬಲಗಿವಿ ಬಾತು ಹೂಕೋಸಿನಂತೆ ಮಡಚಿಕೊಂಡಿತ್ತು. ಅಂಥ ಕಿವಿಯನ್ನು ನಾನು ಟಿ.ವಿ.ಯಲ್ಲಿ ಮಾತ್ರ, ವಸ್ತಾದರ ಮನೆಯ ಟಿ.ವಿ.ಯಲ್ಲಿ ಮಾತ್ರ ನೋಡಿದ್ದೆ. ಕುಸ್ತಿ ಆಡುತ್ತೀಯಾ ಎಂದು ಕೇಳಿದೆ. ಅವಳು ಕಿವಿಯ ಮೇಲೆ ಕೂದಲು ಎಳೆದುಕೊಂಡು, ಆಡುತ್ತಿದ್ದೆ ಎಂದಳು.

ಅವಳ ಹೆಸರು ಸುಜಾತಾ. ಕೊಡಂಬಲದವಳು. ತಾಯಿ ಶಾಂತಾಬಾಯಿ ಹೊಲದ ಕೂಲಿಗೆ ಹೋಗುತ್ತಾರೆ. ಹುಮನಾಬಾದಿನಲ್ಲಿ ಕಾಲೇಜು ಓದುತ್ತಿದ್ದಾಗ ಮೊಬೈಲಿನಲ್ಲಿ ಎಂ.ಎಂ.ಎ. ನೋಡಿ ಹುಚ್ಚು ಹಿಡಿಸಿಕೊಂಡು, ನೆಲದ ಪಟ್ಟು ಕಲಿಸುವವರು ಯಾರೆಂದು ಕೇಳುತ್ತಾ ವಸ್ತಾದರ ಮನೆ ಮುಟ್ಟಿದಳು. ತಾಲೀಮಿನೊಳಗೆ ಹೆಣ್ಣುಮಕ್ಕಳು ಕಾಲಿಡುವ ಹಾಗಿಲ್ಲ. ಅದಕ್ಕೆ ವಸ್ತಾದರು ತಾಲೀಮನ್ನೇ ಹಿತ್ತಲಿಗೆ ತಂದರು. ಅರಿಸಿನ, ನಿಂಬೆ, ಎಣ್ಣೆ ಕಲಸಿ ಮಣ್ಣು ಹದ ಮಾಡಿದರು. ಕುಂಡಗಳಿಗಲ್ಲ. ಕಲಬುರಗಿಯಲ್ಲಿ ಎಂ.ಎಂ.ಎ. ಕಲಿಸುವ ಒಬ್ಬರು ಅವಳನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಆದರೆ ಮುಖ ಒಡೆಸಿಕೊಳ್ಳುವ ಆಟಕ್ಕೆ ಮಗಳನ್ನು ಕಳಿಸಲು ಶಾಂತಾಬಾಯಿ ಸುತಾರಾಂ ಒಪ್ಪಲಿಲ್ಲ.

“ವಸ್ತಾದ್ರು ಅವ್ವನ ಮುಂದ ವಾದ ಮಾಡಲಿಲ್ರೀ ಅಕ್ಕಾ,” ಎಂದಳು ಸುಜಾತಾ. “ನಾಕ ಐತವಾರ ಬಂದು ನೋಡವ್ವಾ, ಆಮ್ಯಾಗ ಬ್ಯಾಡ ಅನ್ನು ಅಂದ್ರು.”

ಶಾಂತಾಬಾಯಿ ಮೊದಲ ಭಾನುವಾರ ಮಗಳೊಂದಿಗೆ ಬಂದರು. ಇಬ್ಬರು. ಮುಂದಿನ ವಾರ ಚಿಕ್ಕಮ್ಮಂದಿರನ್ನು ಕರೆತಂದರು. ಆಮೇಲೆ ಓಣಿಯ ಹೆಂಗಸರು. ಕೊಡಂಬಲದಿಂದ ಹಂಚಿಕೆಯ ಆಟೋ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು. ವಸ್ತಾದರು ಹೆಣ್ಣುಮಕ್ಕಳ ಪಂದ್ಯ ತೋರಿಸಿ ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಿದ್ದರಂತೆ. ಯಾರಾದರೂ ಮೂರು ಸಲ ತಟ್ಟಿದರೆ, ನೋಡವ್ವಾ ಬಿಟ್ಟರು ನೋಡು, ಎಂದು ತೋರಿಸುತ್ತಿದ್ದರಂತೆ. ಚಹಾ ಕೊಡುವ ಮೊದಲೇ ಈ ಮುದುಕ ವಯಸ್ಸು ಯಾಕೆ ಕೇಳುತ್ತಾನೆ ಎಂದು ಹೆಂಗಸರು ನಗುತ್ತಿದ್ದರು. ಮುಸುಕು ಹೊದಿಸಿದ ಡಬ್ಬಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾಲ್ಕನೆಯ ವಾರ ಆಟೋದವನೂ ಬಂದು ಹೊಸ್ತಿಲಲ್ಲಿ ನಿಂತ. ವಸ್ತಾದರು ಅವನನ್ನು ನೋಡುತ್ತಾ ಏನೋ ಯೋಚಿಸಿ, ನಿನಗೆಷ್ಟು ವಯಸ್ಸು ತಮ್ಮಾ ಎಂದು ಕೇಳಿದರು.

ನಾನು ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡೆ. ಎಂಟು ಹೆಣ್ಣು, ಒಂದು ಗಂಡು.

“ಆಮ್ಯಾಗ?” ಎಂದು ಕೇಳಿದೆ.

“ಆಗಸ್ಟ್‌ನ್ಯಾಗ ಒಂದಿನ ಇನ್ನ ಬರಬ್ಯಾಡ್ರಿ ಅಂದ್ರು. ನನ್ನ ಮನ್ಯಾಗ ಕುಂತು ನೋಡಿದ್ದು ಲೆಕ್ಕಕ್ಕಿಲ್ಲ, ನನ್ನ ಮಾತಿಗಿ ಈಗ ತೂಕ ಇಲ್ಲ ಅಂದ್ರು. ಯಾಕ ಅಂತ ಹೇಳಲಿಲ್ಲ. ಅವ್ವಗ ಅನುಮಾನ ಬಂತು. ಏನೋ ಖೊಟ್ಟಿ ಕೆಲಸ ಇರಬೇಕು, ಅದಕ್ಕ ಮುದುಕ ಹಿಂದ ಸರದಾನ ಅಂದ್ಲು. ಅರ್ಧ ಒಪ್ಪಿದ್ಲರೀ ಅಕ್ಕಾ. ಇನ್ನ ಎರಡ ಐತವಾರ ನೋಡಿದ್ರ ಹ್ಞೂಂ ಅಂತಿದ್ಲು.”

ಈಗ ಅವಳು ಬಸವಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಇಳಿಯುವಾಗ ಅವಳ ನಂಬರ್ ತೆಗೆದುಕೊಂಡೆ. ನಾನು ಯಾರೆಂದು ಹೇಳಲಿಲ್ಲ.

ಮರುದಿನವೇ ಹುಮನಾಬಾದಿಗೆ ಹೋಗಬೇಕಿತ್ತು. ಅವರು ಕರೆದದ್ದು ಭಾನುವಾರಕ್ಕೆ, ಹೋದರೆ ಭಾನುವಾರವೇ ಹೋಗಬೇಕೆಂದು ನನಗೆ ನಾನೇ ನೆಪ ಹೇಳಿಕೊಂಡೆ. ಜನವರಿ 12ರಂದು ಹೋಗಲಿಲ್ಲ. 19ರಂದು ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ. 26ರಂದು ಗಡಿಯಾರವನ್ನು ಚೀಲಕ್ಕೆ ಹಾಕಿ ಮತ್ತೆ ತೆಗೆದಿಟ್ಟೆ. ಫೆಬ್ರವರಿ 2ರಂದು ಮೊದಲ ಬಸ್ ಹಿಡಿದು, ಏಳೂವರೆಗೆ ತಗಡಿನ ಬಾಗಿಲ ಮುಂದೆ ನಿಂತೆ.

ವಸ್ತಾದರು ತೀರಿಕೊಂಡು ಅಂದಿಗೆ ಹನ್ನೊಂದು ದಿನವಾಗಿತ್ತು. ಜನವರಿ 22, ಬೆಳಗಿನ ಜಾವ, ಎದೆ ನೋವು. ಎಂದರೆ ನಾನು ಬಸ್ ನಿಲ್ದಾಣದಿಂದ ವಾಪಸು ಬಂದ ದಿನ ಅವರಿದ್ದರು.

ಕಲಾವತಮ್ಮ ನನ್ನನ್ನು ಒಳಗೆ ಕರೆದು ಕೂರಿಸಿದರು. ಟಿ.ವಿ.ಗೆ ಪೂರ್ತಿ ಬಟ್ಟೆ ಹೊದಿಸಿದ್ದರು. ಡಬ್ಬಿ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿ ಚೌಕವಾಗಿ ಉಳಿದಿತ್ತು. ನಾನು ಎಲ್ಲ ಹೇಳಿದೆ. ಭಾನುವಾರ ಬರದೇ ಇದ್ದದ್ದು, ಬಂದೆ ಎಂದು ಬರೆದದ್ದು, ತಲೆಗೆ ಎಣ್ಣೆ ಹಚ್ಚಿಕೊಂಡದ್ದು ಕೂಡ. ಅವರು ಕೇಳುತ್ತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ಫೋನಿನಲ್ಲಿ ಯಾರೂ ಬರುವುದಿಲ್ಲ ಎಂದು ಯಾಕೆ ಹೇಳಿದಿರಿ ಎಂದು ಕೊನೆಗೆ ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ.

ಡಬ್ಬಿ ಇದೆಯೆಂದು ಯಾರಿಗೂ ತಿಳಿಯಬಾರದು ಎಂದು ನಾನೇ ಮೂವತ್ತು ಸಲ ಹೇಳಿದ್ದೆನಂತೆ. ಇಷ್ಟು ಜನ ಮನೆಗೆ ಬಂದು ಡಬ್ಬಿಯ ಪಕ್ಕವೇ ಕುಳಿತರೆ ಕಂಪನಿಯವರು ಬೈದಾರು, ಗಂಡನ ಕೆಲಸ ತಪ್ಪಿಸಿಯಾರು ಎಂದು ಅವರಿಗೆ ಭಯ. ಅದಕ್ಕೇ ಮುಸುಕು ಹೆಣೆದರು, ಅದಕ್ಕೇ ಯಾರೂ ಬರುವುದಿಲ್ಲ ಎಂದರು. ಮುಸುಕಿನ ಕೆಳಗೆ ಗಂಡ ಒಬ್ಬೊಬ್ಬರನ್ನೂ ಒತ್ತುತ್ತಿದ್ದಾನೆ, ಒತ್ತಿದ್ದು ಕಚೇರಿಗೆ ಕಾಣುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಡಬ್ಬಿ ಹೋದ ಸಂಜೆ ಫೋನಿನಲ್ಲಿ ಹೇಳಿದ ಆ ಸುಳ್ಳನ್ನು ಗಂಡನಿಗೆ ಹೇಳಿದರಂತೆ. ಅವರು ಬೈಯಲಿಲ್ಲ. ಕಂಪನಿಗೆ ತಿಳಿಸೋಣ ಎಂದಾಗ ಮಾತ್ರ, ಗೆದ್ದೆ ಅಂತ ನಾನೇ ಹೋಗಿ ಹೇಳಿಕೊಳ್ಳಲೇನು ಎಂದು ಕೇಳಿದರಂತೆ.

ಕಲಾವತಮ್ಮ ಎದ್ದು ಚಹಾಕ್ಕೆ ನೀರಿಟ್ಟರು. ಬೆನ್ನು ನನ್ನ ಕಡೆಗಿತ್ತು.

“ನಾ ಸುಳ್ಳ ಹೇಳಿದೆ. ನೀ ಸುಳ್ಳ ಬರದಿ,” ಎಂದರು. “ಖರೇ ಒತ್ತಿದಾಂವ ಅಂವ ಒಬ್ಬಾಂವ ಯವ್ವಾ.”

ಚಹಾ ಕುಡಿದೆ. ಮೂವತ್ತೊಂದನೆಯದು. ಗಡಿಯಾರವನ್ನು ಅಲ್ಲಿ ಬಿಡಲು ಹೋದೆ, ಅವರು ಇಟ್ಟುಕೊಳ್ಳಲಿಲ್ಲ. ಅವನು ಕೊಟ್ಟದ್ದನ್ನು ತಾನು ಹೇಗೆ ವಾಪಸು ತೆಗೆದುಕೊಳ್ಳಲಿ ಎಂದರು.

ಫೆಬ್ರವರಿ 3ರಂದು ಕಚೇರಿಗೆ ಪತ್ರ ಬರೆದೆ. ಆಗಸ್ಟ್‌ನ ನಮೂನೆಯಲ್ಲಿ ನಾನು ಬರೆದದ್ದು ಸುಳ್ಳು, ಆ ಮನೆಯ ಅಂಕಿಗಳೆಲ್ಲ ನಿಜ ಎಂದು. ಹಳೆಯ ವಾರಗಳ ಲೆಕ್ಕ ಮುಗಿದಿದೆ, ತಿದ್ದಲಾಗದು ಎಂದು ಫೋನಿನಲ್ಲಿ ಹೇಳಿದರು. ಮರುದಿನ ನನ್ನನ್ನು ಕೆಲಸದಿಂದ ತೆಗೆದರು. ಅದು ನ್ಯಾಯವೇ. ಒಂದು ಮನೆಯ ಒಂಬತ್ತು ಜನರಿಂದ ಯಾವ ಚಾನೆಲ್ಲೂ ಉಳಿಯುವುದಿಲ್ಲ, ಮುಳುಗುವುದಿಲ್ಲ ಎಂದು ನನಗೆ ಗೊತ್ತು. ವಸ್ತಾದರಿಗೆ ಗೊತ್ತಿರಲಿಲ್ಲ. ಅವರು ನಂಬಿದ್ದು ನನ್ನ ಬಾಯಿಪಾಠದ ಮಾತನ್ನು.

ನಿನ್ನೆ ಸುಜಾತಾಳಿಗೆ ಫೋನ್ ಮಾಡಿ ನಾನು ಯಾರೆಂದು ಹೇಳಿದೆ. ಇದನ್ನೆಲ್ಲ ಅವ್ವನ ಮುಂದೆ ನೀವೇ ಬಂದು ಹೇಳಿ ಎಂದಳು. ಮುಂದಿನ ಭಾನುವಾರ, 16ರಂದು, ಕೊಡಂಬಲಕ್ಕೆ ಹೋಗುತ್ತೇನೆ. ಬರಿಗೈಲಿ ಹೋಗಬಾರದು. ವಸ್ತಾದರು ಜುಲೈ 28ರಂದು ಒತ್ತಿದ ಲೆಕ್ಕವನ್ನು ಹೆಸರು ಸಹಿತ ಬರೆದು ಶಾಂತಾಬಾಯಿಯ ಕೈಗೆ, ಒಂದು ಪ್ರತಿ ಕಲಾವತಮ್ಮನ ಕೈಗೆ ಕೊಡಬೇಕೆಂದಿದ್ದೇನೆ. ಸುಜಾತಾ ಏಳು ಹೆಸರು ಕೊಟ್ಟಿದ್ದಾಳೆ. ಎರಡು ಸಿಕ್ಕಿಲ್ಲ. ಒಬ್ಬರು ಮುಡಬಿಯಿಂದ ಕೊಡಂಬಲಕ್ಕೆ ನೆಂಟರ ಮನೆಗೆ ಬಂದಿದ್ದ ಅಜ್ಜಿ, ವಯಸ್ಸು ಅರವತ್ತೈದು ಎಂದು ವಸ್ತಾದರು ಒತ್ತಿದ್ದಾರೆ. ಇನ್ನೊಬ್ಬ ಆಟೋದವನು, ಮೂವತ್ತನಾಲ್ಕು.

ಕಳೆದ ಜುಲೈ 28ರ ಭಾನುವಾರ ಬೆಳಿಗ್ಗೆ ಹುಮನಾಬಾದಿನ ಆ ಮನೆಯಲ್ಲಿ ಇದ್ದವರು ನೀವಾಗಿದ್ದರೆ, ಇಲ್ಲವೇ ಇದ್ದವರನ್ನು ಬಲ್ಲವರಾಗಿದ್ದರೆ, ದಯವಿಟ್ಟು ‘ವಸ್ತಾದರ ಮನೆ’ ಎಂದು ಮೇಲೆ ಗುರುತು ಹಾಕಿ ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. 16ನೇ ತಾರೀಖು ದಾಟಿದ್ದರೂ ಬರೆಯಿರಿ, ಪಟ್ಟಿಯಲ್ಲಿ ಎರಡು ಸಾಲು ಖಾಲಿ ಬಿಟ್ಟಿರುತ್ತೇನೆ. ಹೆಸರು ಮತ್ತು ವಯಸ್ಸು ಸಾಕು. ಬರೆಯಲು ಬಾರದಿದ್ದರೆ ಯಾರಿಂದಲಾದರೂ ಬರೆಸಿ. ಹೊಸ್ತಿಲಲ್ಲಿ ನಿಂತು ನೋಡಿದ್ದರೂ ಲೆಕ್ಕಕ್ಕೆ ಬರುತ್ತದೆ.